ಮಿಕ್ಕಿದ್ದೊಂದೇ ಜಾಗ, ಎತ್ತಿದ್ದು ಕತ್ತಿ

ಬೇರೆ ಆಟಗಳೆಲ್ಲ ಭರ್ತಿಯಾಗಿದ್ದವು. ಉಳಿದದ್ದು ಫೆನ್ಸಿಂಗ್ ಒಂದೇ. ಅಭ್ಯಾಸಕ್ಕೆ ಬಿದಿರು ಕೋಲು, ಖರ್ಚಿಗೆ ಅಮ್ಮನ ಒಡವೆ. ಆ ಹುಡುಗಿ ಒಲಿಂಪಿಕ್ಸ್ ಮೆಟ್ಟಿಲೇರಿದ ಭಾರತದ ಮೊದಲ ಫೆನ್ಸಿಂಗ್ ಪಟುವಾದಳು. ಶಾಲಾ ಕ್ರೀಡಾಕೂಟಗಳ ಹೊತ್ತಿನಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯ ಪೆರೇಸಂದ್ರದ ಸೀಮೆಯ ಹೆಣ್ಣುಮಕ್ಕಳಿಗೂ ಅವರ ಮೇಷ್ಟ್ರುಗಳಿಗೂ ಹೇಳಬೇಕಾದ ಕಥೆ.

2021ರ ಜುಲೈ 26, ಸೋಮವಾರ. ಬೆಳಗಿನ ಐದೂವರೆಯ ಆಸುಪಾಸು. ಪೆರೇಸಂದ್ರದಲ್ಲಿ ಹಾಲು ಕರೆದು ಡೇರಿಗೆ ಹೊರಡುವ ಹೊತ್ತು. ಹೈದರಾಬಾದ್ ಹೆದ್ದಾರಿಯಲ್ಲಿ ತರಕಾರಿ, ಹೂವಿನ ಗಾಡಿಗಳು ಬೆಂಗಳೂರಿನ ಕಡೆಗೆ ಓಡುವ ಹೊತ್ತು.

ಜಪಾನಿನಲ್ಲಿ ಆಗ ಗಂಟೆ ಒಂಬತ್ತು. ಟೋಕಿಯೊ ಪಕ್ಕದ ಚಿಬಾದಲ್ಲಿ, ಮಕುಹರಿ ಮೆಸ್ಸೆ ಎಂಬ ಭಾರಿ ಸಭಾಂಗಣ. ಕೊರೊನಾ ಕಾಲವಾದ್ದರಿಂದ ಪ್ರೇಕ್ಷಕರ ಕುರ್ಚಿಗಳೆಲ್ಲ ಖಾಲಿ. ದೀಪದ ಬೆಳಕಲ್ಲಿ ಉದ್ದಕ್ಕೆ ಹಾಸಿದ ಒಂದು ಪಟ್ಟೆ. ಅದರ ಮೇಲೆ ಬಿಳಿ ಉಡುಪು, ಮುಖಕ್ಕೆ ಜಾಲರಿ, ಕೈಯಲ್ಲಿ ಕತ್ತಿ ಹಿಡಿದ ಇಬ್ಬರು ಹೆಂಗಸರು. ಒಬ್ಬರು ಟ್ಯುನೀಶಿಯಾದ ನಾದಿಯಾ ಬೆನ್ ಅಜೀಜಿ. ಇನ್ನೊಬ್ಬರು ಚೆನ್ನೈನ ಭವಾನಿ ದೇವಿ.

ರೆಫರಿ ಕೈ ತೋರಿದ್ದೇ ತಡ, ಇಬ್ಬರೂ ಮುನ್ನುಗ್ಗಿದರು. ಕತ್ತಿ ತಾಗಿದ್ದನ್ನು ತೋರುವ ದೀಪ ಹೊತ್ತಿತು. ಪಾಯಿಂಟ್ ಭವಾನಿಗೆ. ಮತ್ತೆ ದೀಪ, ಮತ್ತೆ ಭವಾನಿ. ವಿರಾಮದ ಹೊತ್ತಿಗೆ 8–0. ಕೊನೆಗೆ 15–3. ಆರು ನಿಮಿಷ ಚಿಲ್ಲರೆಯಲ್ಲಿ ಪಂದ್ಯ ಮುಗಿದೇ ಹೋಯಿತು.

ಒಲಿಂಪಿಕ್ಸ್ ಫೆನ್ಸಿಂಗ್‌ನಲ್ಲಿ ಭಾರತದವರೊಬ್ಬರು ಕಣಕ್ಕಿಳಿದದ್ದೇ ಅದು ಮೊದಲ ಸಲ. ಇಳಿದ ಮೊದಲ ಪಂದ್ಯದಲ್ಲೇ ಗೆಲುವು. ಗಂಡಸರಲ್ಲೂ ಅದಕ್ಕೆ ಮುಂಚೆ ಯಾರೂ ಆ ಪಟ್ಟೆಯವರೆಗೆ ಮುಟ್ಟಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ‘ಮೊದಲ ಮಹಿಳೆ’ ಎಂದಾಗ ಅವರಿಗಿಂತ ಮುಂಚೆ ಗಂಡಸೊಬ್ಬ ಇದ್ದೇ ಇರುತ್ತಾನೆ. ಇಲ್ಲಿ ಹಾಗಿಲ್ಲ. ಇಡೀ ದೇಶಕ್ಕೆ ಬಾಗಿಲು ತೆರೆದದ್ದೇ ಈ ಹೆಣ್ಣುಮಗಳು.

ತರಗತಿಯಲ್ಲಿ ಮಿಕ್ಕಿದ ಜಾಗ

ಭವಾನಿ ಹುಟ್ಟಿದ್ದು 1993ರ ಆಗಸ್ಟ್ 27ರಂದು, ಚೆನ್ನೈನಲ್ಲಿ. ರಾಷ್ಟ್ರೀಯ ಕ್ರೀಡಾ ದಿನಕ್ಕೆ ಎರಡೇ ದಿನ ಮುಂಚೆ. ಐದು ಮಕ್ಕಳಲ್ಲಿ ಕೊನೆಯವರು. ತಂದೆ ಆಂಧ್ರದ ಸಾಮರ್ಲಕೋಟೆಯ ಮೂಲದವರು. ಚೆನ್ನೈಗೆ ಬಂದು ದೇವಸ್ಥಾನದಲ್ಲಿ ಅರ್ಚಕರಾಗಿದ್ದರು. ತಾಯಿ ರಮಣಿ ಗೃಹಿಣಿ. ಮನೆಯಲ್ಲಿ ಒಂದು ಭಾಷೆಯ ಬೇರು, ಬೀದಿಯಲ್ಲಿ ಇನ್ನೊಂದು ಭಾಷೆ: ಬಾಗೇಪಲ್ಲಿ, ಗುಡಿಬಂಡೆ, ಪೆರೇಸಂದ್ರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2004. ಹುಡುಗಿಗೆ ಹನ್ನೊಂದು ತುಂಬುವ ವರ್ಷ. ಚೆನ್ನೈನ ಕೆಲವು ಶಾಲೆಗಳಲ್ಲಿ ಆಟಗಳ ಹೊಸ ಯೋಜನೆ ಬಂತು. ಒಂದೊಂದು ಆಟಕ್ಕೂ ಇಂತಿಷ್ಟು ಮಕ್ಕಳು ಎಂದು ಲೆಕ್ಕ. ಭವಾನಿಯ ಸರದಿ ಬರುವಷ್ಟರಲ್ಲಿ ಬೇರೆಲ್ಲ ಆಟಗಳೂ ಭರ್ತಿ. ಉಳಿದದ್ದು ಫೆನ್ಸಿಂಗ್. ಅದು ಏನು ಆಟ, ಹೇಗೆ ಆಡುವುದು, ಕಂಡವರಿಲ್ಲ, ಕೇಳಿದವರಿಲ್ಲ. ಹುಡುಗಿ ಸರಿ ಎಂದಳು.

ಸೇರುವಾಗಲೇ ಅಪ್ಪನ ವರಮಾನ ಎಷ್ಟು ಎಂದು ಕೇಳಿದರಂತೆ. ಇದು ದುಬಾರಿ ಆಟ, ಬಡವರ ಮಕ್ಕಳಿಗೆ ಎಟುಕದು ಎಂದರಂತೆ. ಅವಳು ಅಪ್ಪನ ವರಮಾನವನ್ನು ಹೆಚ್ಚಿಸಿ ಹೇಳಿದಳು. ಹೀಗೆ ಸುಳ್ಳು ಹೇಳಿದ್ದನ್ನು ಭವಾನಿ ಮುಂದೆ ತಾವೇ ಸಂದರ್ಶನಗಳಲ್ಲಿ ಬಿಚ್ಚಿಟ್ಟಿದ್ದಾರೆ. ಆಟಕ್ಕೆ ಸೇರಲು ಮಗುವೊಂದು ತನ್ನ ಮನೆಯ ಬಡತನವನ್ನು ಮುಚ್ಚಿಡಬೇಕಾಯಿತಲ್ಲ ಎಂದು ನೆನೆದಾಗಲೆಲ್ಲ ನನಗೆ ಕರುಳು ಹಿಂಡಿದಂತಾಗುತ್ತದೆ.

ಕತ್ತಿ ಹೊರದೇಶದಿಂದ ಬರಬೇಕಿತ್ತು. ಮುರಿದರೆ ಮತ್ತೊಂದು ಕೊಳ್ಳುವುದು ಸುಲಭವಲ್ಲ. ಹಾಗಾಗಿ ದಿನನಿತ್ಯದ ಅಭ್ಯಾಸ ಬಿದಿರು ಕೋಲಿನಲ್ಲಿ. ಅಸಲಿ ಕತ್ತಿ ಏನಿದ್ದರೂ ಪಂದ್ಯದ ದಿನಕ್ಕೆ.

ಅದೇ ವರ್ಷ, ಅಥೆನ್ಸ್‌ನಲ್ಲಿ

ಇಲ್ಲೊಂದು ಕಾಕತಾಳೀಯವಿದೆ.

ಫೆನ್ಸಿಂಗ್‌ನಲ್ಲಿ ಮೂರು ಬಗೆಯ ಕತ್ತಿಗಳು: ಫಾಯಿಲ್, ಎಪೇ, ಸೇಬರ್. ಭವಾನಿಯದು ಸೇಬರ್. ಗಂಡಸರ ಸೇಬರ್ 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲೇ ಇತ್ತು. ಹೆಂಗಸರಿಗೆ ಒಲಿಂಪಿಕ್ಸ್‌ನಲ್ಲಿ ಕತ್ತಿ ಹಿಡಿಯಲು ಬಿಟ್ಟದ್ದೇ 1924ರಲ್ಲಿ, ಪ್ಯಾರಿಸ್‌ನಲ್ಲಿ. ಅದೂ ಹಗುರವಾದ ಫಾಯಿಲ್ ಮಾತ್ರ. ಡೆನ್ಮಾರ್ಕಿನ ಎಲೆನ್ ಒಸಿಯರ್ ಒಂದು ಪಂದ್ಯವನ್ನೂ ಸೋಲದೆ ಆ ಮೊದಲ ಚಿನ್ನ ಗೆದ್ದರು.

ಆಮೇಲೆ ಎಪ್ಪತ್ತೆರಡು ವರ್ಷ ಹೆಂಗಸರಿಗೆ ಫಾಯಿಲ್ ಒಂದೇ. 1996ರಲ್ಲಿ ಎಪೇ ಸಿಕ್ಕಿತು. ಸೇಬರ್ ಸಿಕ್ಕಿದ್ದು 2004ರಲ್ಲಿ, ಅಥೆನ್ಸ್‌ನಲ್ಲಿ. ಅಂದರೆ ಗಂಡಸರಿಗೆ ಸಿಕ್ಕಿ 108 ವರ್ಷ ಕಳೆದ ಮೇಲೆ. ಸೇಬರ್ ಒರಟು, ವೇಗ ಹೆಚ್ಚು, ಹೆಂಗಸರ ಮೈಗೆ ಒಗ್ಗದು ಎಂಬ ಮಾತು ಅಷ್ಟು ಕಾಲ ನಡೆಯಿತು.

ಆ ಮೊದಲ ಮಹಿಳಾ ಸೇಬರ್ ಚಿನ್ನ ಗೆದ್ದವರು ಅಮೆರಿಕದ ಮರಿಯಲ್ ಜಗುನಿಸ್. ಆಗ ಅವರಿಗೆ ಹತ್ತೊಂಬತ್ತು. ನಿಜ ಹೇಳಬೇಕೆಂದರೆ ಅವರು ಅರ್ಹತೆಯನ್ನೇ ಪಡೆದಿರಲಿಲ್ಲ. ನೈಜೀರಿಯಾ ತನ್ನ ಪಟುವನ್ನು ಕಳಿಸುವುದಿಲ್ಲ ಎಂದಾಗ ತೆರವಾದ ಜಾಗ ಅವರ ಪಾಲಿಗೆ ಬಂದಿತ್ತು.

ಒಂದೇ ವರ್ಷ. ಅಥೆನ್ಸ್‌ನಲ್ಲಿ ಒಬ್ಬಳಿಗೆ ಮಿಕ್ಕಿದ ಜಾಗ ಚಿನ್ನವಾಯಿತು. ಚೆನ್ನೈನಲ್ಲಿ ಇನ್ನೊಬ್ಬಳಿಗೆ ಮಿಕ್ಕಿದ ಜಾಗ ಬದುಕಾಯಿತು. ಜಗುನಿಸ್ ಗೆದ್ದ ಸುದ್ದಿ ಬಿದಿರು ಕೋಲು ಹಿಡಿದ ಹುಡುಗಿಯ ತನಕ ಬಂದಿತ್ತೋ ಇಲ್ಲವೋ, ಅದು ದೊಡ್ಡದಲ್ಲ. ಒಂದು ತಲೆಮಾರು ಮುಂಚೆ ಅವಳು ಸೇಬರ್ ಹಿಡಿದಿದ್ದರೆ ಮುಂದೆ ಒಲಿಂಪಿಕ್ಸ್ ಎಂಬ ಗುರಿಯೇ ಇರುತ್ತಿರಲಿಲ್ಲ. ಪ್ರತಿಭೆ, ಛಲ ಎಂದೆಲ್ಲ ನಾವು ಹಾಡಿ ಹೊಗಳುತ್ತೇವೆ; ಜಾಗವೊಂದು ತೆರೆದಿರಬೇಕು ಎಂಬುದನ್ನು ಮಾತ್ರ ಮರೆಯುತ್ತೇವೆ.

> ಮೂರು ಕತ್ತಿ, ಮೂರು ನಿಯಮ
>
> ಫಾಯಿಲ್: ಕತ್ತಿಯ ಮೊನೆಯಿಂದ ಮಾತ್ರ ಚುಚ್ಚಬೇಕು. ಗುರಿ ಮುಂಡ ಭಾಗ. ಕೈಕಾಲಿಗೆ ತಾಗಿದರೆ ಲೆಕ್ಕಕ್ಕಿಲ್ಲ.
>
> ಎಪೇ: ಇದೂ ಮೊನೆಯ ಆಟವೇ. ಆದರೆ ಅಡಿಯಿಂದ ಮುಡಿಯವರೆಗೆ ಎಲ್ಲಿ ತಾಗಿದರೂ ಪಾಯಿಂಟ್. ಇಬ್ಬರೂ ಒಟ್ಟಿಗೆ ತಾಗಿಸಿದರೆ ಇಬ್ಬರಿಗೂ ಪಾಯಿಂಟ್.
>
> ಸೇಬರ್: ಕುದುರೆ ಸವಾರರ ಕತ್ತಿಯ ವಂಶ. ಚುಚ್ಚಲೂ ಬಹುದು, ಬೀಸಿ ಹೊಡೆಯಲೂ ಬಹುದು. ಗುರಿ ಸೊಂಟದ ಮೇಲ್ಭಾಗ, ತಲೆಯೂ ಸೇರಿ. ಇಬ್ಬರೂ ತಾಗಿಸಿದರೆ, ದಾಳಿಯ ಹಕ್ಕು ಯಾರದಿತ್ತು ಎಂದು ರೆಫರಿ ತೀರ್ಮಾನಿಸುತ್ತಾರೆ.
>
> ಅಂಕಣ: 14 ಮೀಟರ್ ಉದ್ದ, ಒಂದೂವರೆಯಿಂದ ಎರಡು ಮೀಟರ್ ಅಗಲ. ಸೋತವರು ಹೊರಬೀಳುವ ಸುತ್ತಿನ ವೈಯಕ್ತಿಕ ಪಂದ್ಯದಲ್ಲಿ 15 ಪಾಯಿಂಟ್ ಮೊದಲು ಮುಟ್ಟಿದವರು ಗೆದ್ದರು. ಸೇಬರ್‌ನಲ್ಲಿ ಒಬ್ಬರು 8 ಮುಟ್ಟಿದಾಗ ವಿರಾಮ.

ಸೇಬರ್ ನೋಡುವುದು ಮೊದಮೊದಲು ಕಷ್ಟ. ‘ಶುರು’ ಎಂದದ್ದು ಕೇಳುತ್ತದೆ, ದೀಪ ಹೊತ್ತಿದ್ದು ಕಾಣುತ್ತದೆ. ನಡುವೆ ಆದದ್ದು ಕಣ್ಣಿಗೆ ಸಿಗುವುದಿಲ್ಲ. ಒಬ್ಬರ ಕತ್ತಿ ತಾಗಿದ ಮೇಲೆ ಇನ್ನೊಬ್ಬರಿಗೆ ಉಳಿಯುವ ಕಾಲ ಸೆಕೆಂಡಿನ ಸಾವಿರದಲ್ಲಿ 170 ಭಾಗ. ಅದು ದಾಟಿದರೆ ಯಂತ್ರ ಆ ಹೊಡೆತವನ್ನು ಪರಿಗಣಿಸುವುದೇ ಇಲ್ಲ. ಶಿಡ್ಲಘಟ್ಟದ ರೇಷ್ಮೆ ಬಿಚ್ಚಣಿಕೆಯಲ್ಲಿ, ಬಿಸಿನೀರಿನಲ್ಲಿ ಕುಣಿಯುವ ಗೂಡಿನಿಂದ ಕಡಿದ ಎಳೆಯನ್ನು ಹಿಡಿದು, ತಿರುಗುವ ರಾಟೆಯನ್ನು ನಿಲ್ಲಿಸದೆಯೇ ಕೂಡಿಸುವ ಹೆಂಗಸರ ಬೆರಳನ್ನು ಕಂಡವರಿಗೆ ಈ ವೇಗದ ಅಂದಾಜು ಸಿಕ್ಕೀತು. ಅಲ್ಲೂ ಕಣ್ಣಿಗಿಂತ ಕೈ ಮುಂದೆ.

ಮೂರು ನಿಮಿಷದ ಬೆಲೆ

2007ರಲ್ಲಿ ಭವಾನಿ ಮೊದಲ ಅಂತರರಾಷ್ಟ್ರೀಯ ಪಂದ್ಯಕ್ಕೆ ಟರ್ಕಿಗೆ ಹೋದರು. ವಯಸ್ಸು ಹದಿನಾಲ್ಕು. ಅಂಕಣಕ್ಕೆ ಬಂದದ್ದು ಮೂರು ನಿಮಿಷ ತಡ. ಕಪ್ಪು ಕಾರ್ಡು ತೋರಿಸಿ ಹೊರಗೆ ಹಾಕಿದರು. ಅಷ್ಟು ದೂರ, ಅಷ್ಟು ಸಾಲಸೋಲ, ಕತ್ತಿ ಎತ್ತುವ ಮೊದಲೇ ಆಟ ಮುಗಿದಿತ್ತು.

ಹತ್ತನೇ ತರಗತಿ ಮುಗಿಸಿದ ಮೇಲೆ ಮನೆ ಬಿಟ್ಟು ಕೇರಳದ ತಲಶ್ಶೇರಿಗೆ ಹೋದರು. ಅಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ, ಸಾಗರ್ ಲಾಗು ಎಂಬ ಕೋಚ್. ಕೊಡಗಿನ ಘಟ್ಟ ಇಳಿದರೆ ಸಿಗುವ ಈ ಊರು ಫೆನ್ಸಿಂಗ್‌ಗೆ ಹೆಸರಾದದ್ದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅಲ್ಲಿನ ಸರ್ಕಾರಿ ಬ್ರೆನ್ನನ್ ಕಾಲೇಜಿನಲ್ಲೇ ಪದವಿಯೂ ಆಯಿತು.

ಪದಕಗಳು ಒಂದೊಂದಾಗಿ ಬಂದವು. 2009ರಲ್ಲಿ ಮಲೇಷ್ಯಾದ ಕಾಮನ್‌ವೆಲ್ತ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು. 2014ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ 23 ವರ್ಷದೊಳಗಿನವರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ. ಭಾರತದವರಿಗೆ ಅದು ಮೊದಲು. ಆದರೆ ಪದಕ ಬಂದಷ್ಟೂ ಖರ್ಚೂ ಏರಿತು. ವಿಮಾನದ ಟಿಕೆಟ್ಟು, ವಸತಿ, ಕತ್ತಿ, ಉಡುಪು. ತಾಯಿ ರಮಣಿ ಒಡವೆ ಗಿರವಿ ಇಟ್ಟರು, ಸಾಲ ಮಾಡಿದರು. ಆಟ ಬಿಟ್ಟುಬಿಡೋಣ ಎಂಬ ಯೋಚನೆ ಭವಾನಿಗೆ ಬಂದದ್ದು ಆ ದಿನಗಳಲ್ಲೇ.

ಆಗ ಕೈ ಹಿಡಿದವರಲ್ಲಿ ಬೆಂಗಳೂರಿನ ಸಂಸ್ಥೆಯೊಂದಿದೆ. 2015ರಲ್ಲಿ ಇಲ್ಲಿನ ಗೋಸ್ಪೋರ್ಟ್ಸ್ ಫೌಂಡೇಶನ್, ನಮ್ಮ ರಾಹುಲ್ ದ್ರಾವಿಡ್ ಹೆಸರಿನ ಮಾರ್ಗದರ್ಶನ ಯೋಜನೆಗೆ ಭವಾನಿಯನ್ನು ಆರಿಸಿಕೊಂಡಿತು. ಕನ್ನಡ ನೆಲಕ್ಕೂ ಈ ಕತ್ತಿಗೂ ಇರುವ ನೇರ ನಂಟು ಇದು. ಹಣಕ್ಕಿಂತ ಹೆಚ್ಚಾಗಿ, ನಾಳೆಯ ಪಂದ್ಯಕ್ಕೆ ಹೋಗಬಹುದು ಎಂಬ ಭರವಸೆ ಸಿಕ್ಕಿತು. ತಮಿಳುನಾಡು ಸರ್ಕಾರವೂ ನೆರವಾಯಿತು.

2016ರ ರಿಯೊ ಒಲಿಂಪಿಕ್ಸ್ ಕೈತಪ್ಪಿತು. ಭವಾನಿ ಇಟಲಿಯ ಲಿವೋರ್ನೊಗೆ ಹೊರಟರು, ಕೋಚ್ ನಿಕೋಲಾ ಜನೋಟ್ಟಿ ಅವರಲ್ಲಿಗೆ. ಲಿವೋರ್ನೊ ಕತ್ತಿಯ ಊರು. 1920ರ ಆಂಟ್ವರ್ಪ್ ಒಲಿಂಪಿಕ್ಸ್ ಒಂದರಲ್ಲೇ ಐದು ಚಿನ್ನ ಗೆದ್ದ ನೆಡೊ ನಾದಿ ಅಲ್ಲಿಯವರು. 2004ರಲ್ಲಿ ಗಂಡಸರ ಸೇಬರ್ ಚಿನ್ನ ಗೆದ್ದ ಆಲ್ದೊ ಮೊಂಟಾನೊ ಕೂಡ ಅಲ್ಲಿಯವರೇ.

ಅಲ್ಲಿಂದ ಆಟದ ಮಟ್ಟವೇ ಬದಲಾಯಿತು. 2017ರಲ್ಲಿ ಐಸ್‌ಲೆಂಡಿನ ರೇಕ್ಯಾವಿಕ್‌ನಲ್ಲಿ ನಡೆದ ಸ್ಯಾಟಲೈಟ್ ವಿಶ್ವಕಪ್ ಫೈನಲ್‌ನಲ್ಲಿ ಬ್ರಿಟನ್ನಿನ ಸಾರಾ ಜೇನ್ ಹ್ಯಾಂಪ್ಸನ್ ವಿರುದ್ಧ 15–13ರ ಗೆಲುವು, ಚಿನ್ನ. 2018ರಲ್ಲಿ ಕ್ಯಾನ್‌ಬೆರಾದ ಕಾಮನ್‌ವೆಲ್ತ್ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ. 2022ರಲ್ಲಿ ಲಂಡನ್‌ನಲ್ಲಿ ಅದೇ ಚಿನ್ನ ಮತ್ತೊಮ್ಮೆ.

2019ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಕೊರೊನಾ. ಇಟಲಿಯ ಬಾಗಿಲು ಮುಚ್ಚಿತು. ಚೆನ್ನೈನ ಮನೆಯ ತಾರಸಿಯ ಮೇಲೆ ಕಿಟ್ ಬ್ಯಾಗನ್ನೇ ಎದುರಾಳಿಯಾಗಿ ನಿಲ್ಲಿಸಿಕೊಂಡು ಅಭ್ಯಾಸ ಮಾಡಿದರು. 2021ರ ಮಾರ್ಚ್‌ನಲ್ಲಿ ಬುಡಾಪೆಸ್ಟ್ ವಿಶ್ವಕಪ್ ಮುಗಿದಾಗ, ರ‍್ಯಾಂಕಿಂಗ್ ಆಧಾರದಲ್ಲಿ ಏಷ್ಯಾ–ಓಷಿಯಾನಿಯಾ ವಲಯಕ್ಕಿದ್ದ ಟೋಕಿಯೊ ಟಿಕೆಟ್ಟುಗಳಲ್ಲಿ ಒಂದು ಭವಾನಿಯದಾಗಿತ್ತು.

ಏಳು ಪಾಯಿಂಟ್

ಟೋಕಿಯೊದ ಎರಡನೇ ಪಂದ್ಯ ಫ್ರಾನ್ಸಿನ ಮನೋನ್ ಬ್ರೂನೆ ಎದುರು. ವಿಶ್ವದ ಮೂರನೇ ರ‍್ಯಾಂಕಿನವರು. ವಿರಾಮಕ್ಕೆ 2–8. ಅಲ್ಲಿಂದ ಭವಾನಿ ಐದು ಪಾಯಿಂಟ್ ಕಿತ್ತುಕೊಂಡರು. ಪಂದ್ಯ 7–15ಕ್ಕೆ ಮುಗಿಯಿತು.

ಸೋತ ಮೇಲೆ ಭವಾನಿ ಟ್ವಿಟರ್‌ನಲ್ಲಿ ದೇಶದ ಕ್ಷಮೆ ಕೇಳಿದರು. ಕೇಳುವ ಅಗತ್ಯವೇನಿತ್ತು? ನಿಮ್ಮ ಕೈಲಾದದ್ದೆಲ್ಲ ಮಾಡಿದ್ದೀರಿ ಎಂಬ ಅರ್ಥದಲ್ಲಿ ಪ್ರಧಾನಿ ಉತ್ತರಿಸಿದರು. ಅದೇ ವರ್ಷ ಅರ್ಜುನ ಪ್ರಶಸ್ತಿಯೂ ಬಂತು. ಅವರನ್ನು ಸೋಲಿಸಿದ ಬ್ರೂನೆ ಟೋಕಿಯೊದಲ್ಲಿ ಕಂಚು ಗೆದ್ದರು. ಮೂರು ವರ್ಷದ ಮೇಲೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನವನ್ನೇ ಗೆದ್ದರು. ಅಂಥವರಿಂದ ಕಿತ್ತ ಏಳು ಪಾಯಿಂಟಿಗೆ ಕ್ಷಮೆ ಕೇಳಬೇಕಾಗಿರಲಿಲ್ಲ.

ಟೋಕಿಯೊದಲ್ಲಿ ಹಿಡಿದ ಕತ್ತಿಯನ್ನು ಭವಾನಿ ಪ್ರಧಾನಿಗೆ ಕಾಣಿಕೆ ಕೊಟ್ಟರು. ಗಂಗಾ ಶುದ್ಧೀಕರಣದ ನಿಧಿಗಾಗಿ ಅದನ್ನು ಹರಾಜು ಹಾಕಿದಾಗ ಕೂಗಿದ ಬೆಲೆ 1.25 ಕೋಟಿ ರೂಪಾಯಿ. ಕತ್ತಿ ಮುರಿದೀತು ಎಂದು ಬಿದಿರು ಹಿಡಿದು ಕಲಿತ ಕೈಯ ಕತ್ತಿ ಅದು.

> ಗಾಯವಾಗುವುದಿಲ್ಲವೇ?
>
> ಹೆತ್ತವರ ಮೊದಲ ಪ್ರಶ್ನೆ ಇದೇ. ಕತ್ತಿಗೆ ಹರಿತವಿರುವುದಿಲ್ಲ, ಮೊನೆ ಮೊಂಡು. ಆದರೂ 1982ರಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎದುರಾಳಿಯ ಕತ್ತಿ ಮುರಿದು ಮುಖದ ಜಾಲರಿ ತೂರಿ, ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಸ್ಮಿರ್ನೋವ್ ಮೃತಪಟ್ಟರು. ಆ ದುರಂತದ ಬಳಿಕ ಕತ್ತಿಯ ಉಕ್ಕು, ಜಾಲರಿ, ಉಡುಪು ಎಲ್ಲದರ ನಿಯಮವೂ ಬಿಗಿಯಾಯಿತು. ಅಂತರರಾಷ್ಟ್ರೀಯ ಪಂದ್ಯದ ಉಡುಪು ಈಗ 800 ನ್ಯೂಟನ್ ಬಲದ ತಿವಿತವನ್ನು ತಡೆಯಲೇಬೇಕು.

ರಟ್ಟಿನ ಕತ್ತಿ, ನಿಜದ ಕತ್ತಿ

ನಮ್ಮ ಕಡೆ ಹೆಣ್ಣುಮಕ್ಕಳ ಕೈಗೆ ಕತ್ತಿ ಕೊಡುವುದಿಲ್ಲ ಎನ್ನುವಂತಿಲ್ಲ. ಕೊಡುತ್ತೇವೆ, ವರ್ಷಕ್ಕೊಂದು ದಿನ. ಆಗಸ್ಟ್ 15ಕ್ಕೋ ನವೆಂಬರ್ 1ಕ್ಕೋ ಛದ್ಮವೇಷದಲ್ಲಿ ಒಬ್ಬಳು ಕಿತ್ತೂರು ಚೆನ್ನಮ್ಮ ಇದ್ದೇ ಇರುತ್ತಾಳೆ. ಹಣೆಗೆ ಕುಂಕುಮ, ತಲೆಗೆ ಕಿರೀಟ, ಕೈಯಲ್ಲಿ ಬೆಳ್ಳಿಬಣ್ಣದ ಕಾಗದ ಅಂಟಿಸಿದ ರಟ್ಟಿನ ಕತ್ತಿ. ಬ್ರಿಟಿಷ್ ಅಧಿಕಾರಿ ಥ್ಯಾಕರೆಗೆ ಎದುರಾಗಿ ಅವಳು ಎತ್ತರದ ದನಿಯಲ್ಲಿ ಮಾತು ಒಪ್ಪಿಸುವಾಗ ಎದುರು ಕೂತವರ ಮೈ ಜುಮ್ಮೆನ್ನುತ್ತದೆ. ಮರುದಿನ ಆ ಕತ್ತಿ ಅಟ್ಟಕ್ಕೆ ಹೋಗುತ್ತದೆ.

ಮಳೆಗಾಲದ ತಿಂಗಳುಗಳಲ್ಲಿ ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು. ಕಬಡ್ಡಿ, ಖೋಖೋ, ವಾಲಿಬಾಲ್, ಥ್ರೋಬಾಲ್, ಓಟ, ಜಿಗಿತ. ಪಿ.ಟಿ. ಮೇಷ್ಟ್ರು ಪಟ್ಟಿ ಹಿಡಿದು ತರಗತಿಗೆ ಬರುತ್ತಾರೆ. ಗಟ್ಟಿಗರ ಹೆಸರು ಮೊದಲು. ಓಡಲಾಗದವರು, ಎತ್ತರ ಇಲ್ಲದವರು, ಹಿಂದಿನ ಬೆಂಚಿನಲ್ಲಿ ಕೈ ಎತ್ತಲು ಹಿಂಜರಿಯುವವರು ಉಳಿದುಬಿಡುತ್ತಾರೆ. ಪಟ್ಟಿಯಲ್ಲಿ ಮುಂದೆ ಸಾಲೇ ಇರುವುದಿಲ್ಲ.

ನನ್ನ ಸಂಕಟ ಇರುವುದು ಇಲ್ಲಿ. ಭವಾನಿಯ ತರಗತಿಯ ಪಟ್ಟಿಯಲ್ಲಿ ಕಬಡ್ಡಿ, ಖೋಖೋ ಅಷ್ಟೇ ಇದ್ದಿದ್ದರೆ, ‘ಜಾಗ ಇಲ್ಲ’ ಎಂದು ಕೇಳಿಸಿಕೊಂಡು ಅವಳೂ ಬೆಂಚಿಗೆ ಮರಳುತ್ತಿದ್ದಳು. ಅವಳನ್ನು ಹುಡುಕಿಕೊಂಡು ಯಾವ ಆಯ್ಕೆ ಸಮಿತಿಯೂ ಬಂದಿರಲಿಲ್ಲ. ಆ ಶಾಲೆಯ ಕಾಗದದ ಮೇಲೆ ಹೆಚ್ಚಿಗೆ ಒಂದು ಸಾಲು ಇತ್ತು. ಅಷ್ಟೇ.

ಫೆನ್ಸಿಂಗ್ ರಾಷ್ಟ್ರೀಯ ಶಾಲಾ ಕ್ರೀಡೆಗಳ ಪಟ್ಟಿಯಲ್ಲಿ ಇದೆ. ಮೈದಾನ ಬೇಕಿಲ್ಲ. 14 ಮೀಟರ್ ಎಂದರೆ ನಾಲ್ಕು ಹೆಜ್ಜೆ ಅತ್ತಿತ್ತ ನಮ್ಮ ಶಾಲೆಗಳ ಜಗುಲಿಯ ಉದ್ದ. ಮಳೆ ಬಂದು ಮೈದಾನ ಕೆಸರಾದರೂ ಆಟ ನಿಲ್ಲುವುದಿಲ್ಲ. ಎಳೆಯ ಮಕ್ಕಳಿಗೆ ಪ್ಲಾಸ್ಟಿಕ್ ಕತ್ತಿ, ಹಗುರ ಜಾಲರಿಯಲ್ಲೇ ಹೆಜ್ಜೆಗಾರಿಕೆ ಕಲಿಸಬಹುದು. ಈ ಆಟದಲ್ಲಿ ಕತ್ತಿಗಿಂತ ಮೊದಲು ಪಳಗಬೇಕಾದದ್ದು ಕಾಲು. ಎಲ್ಲಕ್ಕಿಂತ ಕೊರತೆ ಇರುವುದು ಕಲಿಸುವವರದು. ಅದನ್ನು ಒಂದು ಶಾಲೆ ಒಂಟಿಯಾಗಿ ತುಂಬಿಕೊಳ್ಳಲಾರದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೇರಿ ಜಿಲ್ಲೆಗೊಬ್ಬ ತರಬೇತುದಾರರನ್ನು ಕೊಟ್ಟರೂ, ವಾರಕ್ಕೊಂದು ಶಾಲೆ ಸುತ್ತಿದರೂ ಆರಂಭವಾಗುತ್ತದೆ. ಭವಾನಿಯ ಕಥೆಯೂ ಸರ್ಕಾರದ ಒಂದು ಕೇಂದ್ರ, ಒಬ್ಬ ಕೋಚ್ ಇಲ್ಲದಿದ್ದರೆ ಮುಂದುವರಿಯುತ್ತಿರಲಿಲ್ಲ.

ದುಬಾರಿ ಆಟ ಎಂಬುದು ನಿಜ. ಅದನ್ನು ಮುಚ್ಚಿಡಬಾರದು. ಆದರೆ ದುಬಾರಿಯಾಗುವುದು ಮೇಲೇರಿದಂತೆ: ವಿದ್ಯುತ್ ಸಂಪರ್ಕದ ಕತ್ತಿ, ಲೋಹದೆಳೆಯ ಜಾಕೆಟ್ಟು, ಹೊರದೇಶದ ಪ್ರಯಾಣ. ಮೊದಲ ಮೆಟ್ಟಿಲಿಗೇ ವರಮಾನದ ಪ್ರಶ್ನೆ ಕೇಳಿ ಮಗುವನ್ನು ಸುಳ್ಳಾಡಿಸುವುದು ಬೇಡ.

ವೂಶಿಯ ಆ ದಿನ

ಟೋಕಿಯೊದಲ್ಲೇ ಭವಾನಿಯ ಕಥೆ ಮುಗಿಸುವವರು ಹೆಚ್ಚು. ಆದರೆ ಅವರ ಕತ್ತಿ ಅತಿ ಎತ್ತರಕ್ಕೇರಿದ್ದು ಎರಡು ವರ್ಷ ಆದ ಮೇಲೆ, 2023ರ ಜೂನ್ 19ರಂದು, ಚೀನಾದ ವೂಶಿ ನಗರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ.

ಕ್ವಾರ್ಟರ್ ಫೈನಲ್‌ನಲ್ಲಿ ಎದುರಾದವರು ಜಪಾನಿನ ಮಿಸಾಕಿ ಎಮುರಾ. ಹಿಂದಿನ ವರ್ಷ ಕೈರೋದಲ್ಲಿ ವಿಶ್ವ ಚಾಂಪಿಯನ್ ಆದವರು. ಅಲ್ಲಿಯವರೆಗೆ ಭವಾನಿ ಒಮ್ಮೆಯೂ ಅವರನ್ನು ಸೋಲಿಸಿರಲಿಲ್ಲ. ಆ ದಿನ 15–10. ಸೆಮಿಫೈನಲ್‌ನಲ್ಲಿ ಉಜ್ಬೇಕಿಸ್ತಾನದ ಜೈನಬ್ ದಾಯಿಬೆಕೋವಾ ಎದುರು ಪಂದ್ಯ 14–14ಕ್ಕೆ ಬಂದು ನಿಂತಿತು. ಕೊನೆಯ ಒಂದು ಹೊಡೆತ ಎದುರಾಳಿಯ ಪಾಲಾಯಿತು. ಈ ಚಾಂಪಿಯನ್‌ಷಿಪ್‌ನಲ್ಲಿ ಮೂರನೇ ಸ್ಥಾನಕ್ಕೆ ಬೇರೆ ಪಂದ್ಯವಿಲ್ಲ. ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು. ಹಿರಿಯರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಸಿಕ್ಕ ಮೊದಲ ಫೆನ್ಸಿಂಗ್ ಪದಕ ಅದು.

ಅದೇ ವರ್ಷದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕ್ವಾರ್ಟರ್ ಫೈನಲ್‌ಗೆ ಆಟ ಮುಗಿಯಿತು. ಇನ್ನೊಂದು ಗೆದ್ದಿದ್ದರೆ ಅಲ್ಲೂ ಪದಕ. ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಸಿಗಲಿಲ್ಲ. ಭಾರತದಿಂದ ಬೇರಾರೂ ಹೋಗಲಿಲ್ಲ. ಟೋಕಿಯೊದಲ್ಲಿ ಅವರು ತೆರೆದ ಬಾಗಿಲಿನಿಂದ ಎರಡನೆಯವರು ಇನ್ನೂ ಒಳಗೆ ಬಂದಿಲ್ಲ.

ವೂಶಿಯಲ್ಲಿ ಭವಾನಿಗೆ ಸೋತ ಎಮುರಾ ಮುಂದಿನ ತಿಂಗಳೇ ಇಟಲಿಯ ಮಿಲಾನ್‌ನಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದರು.